ಪುಣಜನೂರಿನಲ್ಲಿ ಹೆಣ ಕಾದದ್ದು

ಹೇಳಿಬಿಡಲೇ, ಬೇಡವೇ? ಹೇಳಿದರೆ ತಮ್ಮನ ಮಗ ಸಿದ್ದನಾಯಕ ಈಗಷ್ಟೇ ಸಿಕ್ಕ ಪೊಲೀಸ್ ಕೆಲಸವನ್ನೇ ಬಿಟ್ಟಾನು. ಹೇಳದಿದ್ದರೆ? ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯಲ್ಲಿ, ನಿವೃತ್ತ ಪೇದೆ ರಂಗನಾಯಕ ಗುಂಡ್ಲುಪೇಟೆಯ ತನ್ನ ಜಗಲಿಯ ಮೇಲೆ ಕೂತಲ್ಲಿ ಕೂರಲಾರದೆ ಒದ್ದಾಡುತ್ತಿದ್ದ. ಹಂಗಳದ ದಾರಿಯಲ್ಲಿ ಸಿಕ್ಕ ಗುರುತಿಲ್ಲದ ಹೆಣವನ್ನು ಸಾಹೇಬರು ಬರುವವರೆಗೆ ಕಾಯುವ ಕೆಲಸ ಸಿದ್ದನಾಯಕನಿಗೆ ಬಿದ್ದಿತ್ತು. ಅವನಿಗೆ ಇದೇ ಮೊದಲು; ಹೊರಡುವ ಮುನ್ನ ದೊಡ್ಡಪ್ಪನನ್ನು ಕಾಣಲು ಬಂದಿದ್ದ.

“ನಾನೂ ಪುಣಜನೂರಲ್ಲಿ ಒಂದು ಹೆಣ ಕಾದಿದ್ದೆ ಕಣ್ಲಾ. ಉರಿಬಿಸ್ಲು, ಆದ್ರೂ ಮರದಡಿ ನೆಲ ಬಾವಿಕಲ್ಲಂಗೆ ತಣ್ಣಗಿತ್ತು. ಒಂದು ನೊಣ ಇಲ್ಲ. ಬೇಜಾರಾಗಿ ಹೆಣದ ಜೊತೇಲೇ ಮಾತಾಡ್ದೆ. ಬೈದ್ರೂ ತಿರುಗಿ ಬಯ್ನಿಲ್ಲ, ನಿಮ್ಮ ದೊಡ್ಡವ್ವನಿಗಿಂತ ವಾಸಿ!”

ಸಿದ್ದನಾಯಕ ನಕ್ಕ. “ಬುದ್ಧಿ ಏನಾರ ಹೇಳು ದೊಡ್ಡಪ್ಪ.”

“ನೀರು ತಕ್ಕೋ, ಛತ್ರಿ ತಕ್ಕೋ. ಎಲೆಅಡ್ಕೆ ಮಾತ್ರ ಬ್ಯಾಡ.”

“ಯಾಕ?”

“ಇರುವೆ ಬತ್ತವೆ ಕಣ, ಓಗು.”

ಸಿದ್ದನಾಯಕ ಸೈಕಲ್ ಹತ್ತಿ ಹೊರಟ. ಅಂದು ಪುಣಜನೂರಿನಲ್ಲಿ ತಾನು ತಮಾಷೆಗೆಂದು ಎಲೆಅಡಿಕೆ ಮಡಿಸಿ ಹೆಣಕ್ಕೆ ಹೊದಿಸಿದ್ದ ಕಂಬಳಿಯ ಮೇಲಿಟ್ಟದ್ದನ್ನೂ, ಬೆನ್ನ ಹಿಂದೆ ಮೆಲ್ಲಗೆ ಅಗಿಯುವ ಸದ್ದು ಕೇಳಿದರೂ ತಿರುಗಿ ನೋಡಲು ಧೈರ್ಯವಾಗದ್ದನ್ನೂ, ಸಾಹೇಬರು ಬಂದು ಕಂಬಳಿ ಸರಿಸಿದಾಗ ಹೆಣದ ತುಟಿ ಹಸಿಹಸಿಯಾಗಿ ಕೆಂಪಗಿದ್ದುದನ್ನೂ ರಂಗನಾಯಕ ಅವನಿಗೆ ಹೇಳಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.