ದೇವದಾರುಗಳಾದ ಅತಿಥಿಗಳು

ಬಹಳ ಹಿಂದೆ, ಹಿಮಾಲಯದ ಮಡಿಲಲ್ಲಿ ತುಷಾರಪುರ ಎಂಬ ಪುಟ್ಟ ರಾಜ್ಯವಿತ್ತು. ಅಲ್ಲಿನ ಹಸಿರು ಸರೋವರ, ಕಾಮನಬಿಲ್ಲು ಮೂಡುವ ಜಲಪಾತ, ಸಂಜೆಗೆ ಹೊನ್ನಾಗುವ ಶಿಖರ ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಅವರಿಗೆ ದಾರಿ ತೋರಿಸುವುದು ಜಸುಲಿ ಮತ್ತು ಅವಳ ಗಂಡ ಧನವೀರನ ಕಸುಬು.

ಒಂದು ವರ್ಷ ಧೂಮ್ರಕನೆಂಬ ಮಾಂತ್ರಿಕ ಬಂದು ಶಿಖರದಲ್ಲಿ ನೆಲೆಸಿದ. ಅವನ ಮಂತ್ರಕ್ಕೆ ಸಿಕ್ಕವರು ತಮ್ಮ ಹೆಸರು, ಊರು ಮರೆತು ನಿಂತಲ್ಲೇ ದೇವದಾರು ಮರಗಳಾಗುತ್ತಿದ್ದರು. ಮರ ಹೆಚ್ಚಿದಷ್ಟೂ ಅವನ ಆಯಸ್ಸು ಹೆಚ್ಚುತ್ತಿತ್ತು. ರಾಜನ ಸೈನ್ಯ ಸರೋವರವನ್ನೇ ದಾಟಲಾಗದೆ ಹಿಂದಿರುಗಿತು.

ಶಿಖರ ನೋಡಲೇಬೇಕೆಂದು ಹಟ ಹಿಡಿದ ಹನ್ನೆರಡು ಮಂದಿ ಅತಿಥಿಗಳೊಂದಿಗೆ ಹೋದ ಧನವೀರ ಮೂರು ದಿನವಾದರೂ ಮರಳಲಿಲ್ಲ. ನಾಲ್ಕನೆಯ ದಿನ ಜಸುಲಿ ಹೊರಟಳು. ಊರವರು ತಡೆದರು. ಆ ಹನ್ನೆರಡು ಮಂದಿ ತನ್ನ ಕೈಯೂಟ ಉಂಡು ಹೋದವರು, ತಾನು ಹೋಗಲೇಬೇಕು ಎಂದಳು ಅವಳು.

ದೋಣಿ ಸರೋವರದ ನಡುವೆ ಬಂದಾಗ ನೀರೇ ಅವಳನ್ನು ಕರೆಯಿತು. ಒಮ್ಮೆ ಬಗ್ಗಿ ನೋಡು, ನಿನ್ನ ಗಂಡ ಇಲ್ಲೇ ಇದ್ದಾನೆ ಎಂದಿತು. ದನಿಯೂ ಧನವೀರನದೇ. ಜಸುಲಿ ಬಗ್ಗಲಿಲ್ಲ. ತಲೆವಸ್ತ್ರದಿಂದ ಕಣ್ಣು ಕಟ್ಟಿಕೊಂಡು, ಗಾಳಿ ಬೀಸುವ ದಿಕ್ಕು ಹಿಡಿದು ಹುಟ್ಟು ಹಾಕಿದಳು. ದೋಣಿ ದಡ ಮುಟ್ಟಿತು.

ಜಲಪಾತದ ಕಿರುದಾರಿಗೆ ಅಡ್ಡಲಾಗಿ ಎಮ್ಮೆಯಷ್ಟು ದೊಡ್ಡ ಹಿಮಚಿರತೆ ನಿಂತಿತ್ತು. ಓಡಿದರೆ ಅದು ಬೆನ್ನಿಗೆ ಹಾರುತ್ತದೆಂದು ಅವಳಿಗೆ ಗೊತ್ತು. ಕಣ್ಣಲ್ಲಿ ಕಣ್ಣಿಟ್ಟು ಒಂದೊಂದೇ ಹೆಜ್ಜೆ ಮುಂದಿಟ್ಟಳು. ಅದರ ಬಿಸಿಯುಸಿರು ಮುಖಕ್ಕೆ ತಾಗಿದರೂ ನಿಲ್ಲಲಿಲ್ಲ. ಕೊನೆಗೆ ಚಿರತೆಯೇ ಪಕ್ಕಕ್ಕೆ ಸರಿಯಿತು.

ಶಿಖರದಲ್ಲಿ ಧೂಮ್ರಕ ಕಾದಿದ್ದ. ನೋಡಲು ಇಪ್ಪತ್ತರ ಯುವಕ, ಸುತ್ತ ದೇವದಾರುಗಳ ಕಾಡು. ಹತ್ತಿರದ ಮರವೊಂದರ ತೊಗಟೆಯಲ್ಲಿ ಧನವೀರನ ಮುಖದ ಗುರುತಿತ್ತು.

"ಒಬ್ಬನನ್ನು ಬಿಡುತ್ತೇನೆ. ಗಂಡನನ್ನು ಕರೆದುಕೊಂಡು ಇಳಿದುಬಿಡು. ಸೂರ್ಯ ಮುಳುಗುವುದರೊಳಗೆ ಹೇಳು, ಇಲ್ಲವಾದರೆ ನೀನೂ ಮರ," ಎಂದ ಧೂಮ್ರಕ.

ಹೂಂ ಎಂದರೆ ಸಾಕು, ಧನವೀರ ಮನೆಗೆ ಬರುತ್ತಾನೆ. ಅವಳು ಉಳಿದ ಮರಗಳತ್ತ ನೋಡಿದಳು. ಅವಳ ಪಾದಗಳಿಂದ ಆಗಲೇ ಬೇರು ಇಳಿಯತೊಡಗಿತ್ತು.

"ಅವರನ್ನು ಇಲ್ಲೇ ಬಿಟ್ಟು ಬಂದೆ ಎಂದರೆ ನನ್ನ ಗಂಡ ನನ್ನ ಮುಖ ನೋಡುವುದಿಲ್ಲ," ಎಂದಳು.

ಅವರು ಮರೆತ ಹೆಸರು, ಊರನ್ನು ನೆನಪಿಸಿದರೆ ಹೇಗೆ ಎಂದು ಅವಳಿಗೆ ಆಗ ಹೊಳೆಯಿತು. ಬಡಿಸುವಾಗ ಒಬ್ಬೊಬ್ಬರನ್ನೂ ಮಾತಾಡಿಸಿದ್ದಳಲ್ಲ!

"ಕಾಂಚೀನಗರದ ನೇಕಾರ ವೇಲನ್ ಅಣ್ಣಾ, ಏಳಿ. ಸಿಂಧುತೀರದ ಮೆಹರಕ್ಕಾ, ಏಳಿ."

ಎರಡು ಮರಗಳು ಬಿರಿದು ಮನುಷ್ಯರಾದವು. ಧೂಮ್ರಕನ ಕೂದಲು ನರೆಯಿತು. ಅವನು ಮಂತ್ರ ಜಪಿಸಿದ. ತೊಗಟೆ ಜಸುಲಿಯ ಸೊಂಟಕ್ಕೇರಿತು, ಎದೆಗೇರಿತು. ಅವಳು ಹೆಸರು ಕೂಗುತ್ತಲೇ ಹೋದಳು. ಹನ್ನೆರಡನೆಯ ಹೆಸರಿಗೆ ಮಾಂತ್ರಿಕನ ಬೆನ್ನು ಬಾಗಿತು. ಅವಳ ತುಟಿಯವರೆಗೆ ತೊಗಟೆ ಬಂದಾಗ ಒಂದೇ ಉಸಿರು ಉಳಿದಿತ್ತು.

"ತುಷಾರಪುರದ ಧನವೀರ."

ಧೂಮ್ರಕ ಬೂದಿಯಾಗಿ ಉದುರಿದ. ಕಾಡಿಗೆ ಕಾಡೇ ಮನುಷ್ಯರಾಗಿ ಎದ್ದು ನಿಂತಿತು. ತೊಗಟೆ ಕಳಚಿ ಕುಸಿಯುತ್ತಿದ್ದ ಜಸುಲಿಯನ್ನು ಧನವೀರ ತೋಳಲ್ಲಿ ಹಿಡಿದುಕೊಂಡ. ಇಬ್ಬರೂ ಬಹಳ ಹೊತ್ತು ಅತ್ತರು.

ಆಮೇಲೆ ಎಲ್ಲರನ್ನೂ ಮುಂದೆ ಬಿಟ್ಟು, ಇಬ್ಬರೂ ಕೈಹಿಡಿದು ಕೊನೆಯಲ್ಲಿ ಇಳಿದರು. ಊರಿಗೆ ಊರೇ ಎದುರು ಬಂದು ಅವರನ್ನು ಬರಮಾಡಿಕೊಂಡಿತು. ತುಷಾರಪುರದಲ್ಲಿ ಜನ ಬಹುಕಾಲ ನೆಮ್ಮದಿಯಿಂದ ಬಾಳಿದರು.