ಆಂಬ್ರೋಸನ ಮೂವರು ಹಿರಿಯರು

ಬಹಳ ಬಹಳ ಹಿಂದೆ, ಏಳು ಕಡಲಾಚೆಯ ಇಂಗ್ಲೆಂಡಿನಲ್ಲಿ, ಮಂಜು ಮುಸುಕಿದ ಒಂದು ಕಣಿವೆಯಿತ್ತು. ಆ ಕಣಿವೆಗೆ ಆಂಬ್ರೋಸ್ ಎಂಬ ಜಮೀನುದಾರ ಯಜಮಾನನಾಗಿದ್ದ. ಅವನು ರಾಜನಲ್ಲ, ರಾಜಕುಮಾರನೂ ಅಲ್ಲ. ಕಲ್ಲಿನ ಮನೆ, ಸೇಬಿನ ತೋಟ, ನಲವತ್ತು ಒಕ್ಕಲು, ಜಾಣೆ ಹೆಂಡತಿ ಸಿಸಿಲಿ, ಇಷ್ಟು ಅವನ ಭಾಗ್ಯ. ತನ್ನ ಮುತ್ತಜ್ಜ ರಾಜನ ಪಕ್ಕದಲ್ಲಿ ಕುದುರೆಯೇರಿ ಕಾದಿದ ವೀರನೆಂದು ಬಂದವರಿಗೆಲ್ಲ ಹೇಳಿಕೊಳ್ಳುವ ಚಪಲ ಮಾತ್ರ ಅವನಿಗಿತ್ತು.

ಒಂದು ಬೆಳಿಗ್ಗೆ ಮಾಲ್ಗ್ರಿಮ್ ಎಂಬ ಮಾಂತ್ರಿಕ ಬಂದು ಉಫ್ ಎಂದು ಊದಿದ. ಚರ್ಚಿನ ಪುಸ್ತಕದಿಂದ, ಗೋರಿಕಲ್ಲುಗಳಿಂದ, ಜನರ ನಾಲಿಗೆಯಿಂದ ಆಂಬ್ರೋಸನ ಹಿರಿಯರ ಹೆಸರುಗಳೆಲ್ಲ ಅಳಿಸಿಹೋದವು.

"ಅಪ್ಪ, ಅಜ್ಜ, ಮುತ್ತಜ್ಜ, ಮೂವರ ಹೆಸರನ್ನೂ ಮೂರು ದಿನದೊಳಗೆ ಊರ ಮುಂದೆ ಹೇಳಿದರೆ ನನ್ನ ಮಂತ್ರ ಮುರಿಯುತ್ತದೆ," ಎಂದ ಮಾಂತ್ರಿಕ. "ಇಲ್ಲವಾದರೆ ಕಣಿವೆ ನನ್ನದು. ನೀವೆಲ್ಲ ನನ್ನ ಕುರಿಗಳು!"

ಆಂಬ್ರೋಸ್ ತಲೆಯ ಮೇಲೆ ಕೈಹೊತ್ತು ಕುಳಿತ.

"ಹೆಸರು ಹೋಯಿತು ಅಷ್ಟೆ, ಅವರು ಮಾಡಿದ ಕೆಲಸ ಇಲ್ಲೇ ಇದೆಯಲ್ಲ," ಎಂದಳು ಸಿಸಿಲಿ. "ಅಲ್ಲಿಗೇ ಹೋಗಿ ಕೇಳಿ."

ಮೊದಲ ದಿನ ಅವನು ಅಪ್ಪ ಕಟ್ಟಿದ ಸೇತುವೆಗೆ ಹೋದ. ದೋಣಿಯಷ್ಟು ದೊಡ್ಡ ಮೀನೊಂದು ತಲೆಯೆತ್ತಿತು. "ಕುಸಿದ ಕಲ್ಲುಗಳನ್ನು ನಿನ್ನ ಕೈಯಾರೆ ಕೂರಿಸು. ಆಮೇಲೆ ಹೇಳುತ್ತೇನೆ."

ಎಂದೂ ಕೆಸರು ಮುಟ್ಟದ ಆಂಬ್ರೋಸ್ ಸಂಜೆಯವರೆಗೆ ಸೊಂಟಮಟ್ಟ ತಣ್ಣೀರಿನಲ್ಲಿ ನಿಂತು ಕಲ್ಲು ಕೂರಿಸಿದ.

"ನಿನ್ನಪ್ಪನೂ ಹೀಗೇ ನಡುಗುತ್ತ ನಿಂತಿದ್ದ. ಅವನು ನಿಕೊಲಸ್," ಎಂದಿತು ಮೀನು.

ಎರಡನೆಯ ದಿನ ಅಜ್ಜ ನೆಟ್ಟ ಸೇಬಿನ ತೋಟಕ್ಕೆ ಹೋದ. ಬೆಂಕಿಗಣ್ಣಿನ ಕರಡಿ ಅಡ್ಡ ನಿಂತಿತು. "ನಿನ್ನಜ್ಜ ದಾರಿಹೋಕರಿಗೆಲ್ಲ ಹಣ್ಣು ಕೊಡುತ್ತಿದ್ದ. ನೀನು ಮುಳ್ಳುಬೇಲಿ ಹಾಕಿದೆ. ಕಿತ್ತುಹಾಕು!"

ಆಂಬ್ರೋಸ್ ನಾಚಿದ. ಅಂಗೈ ರಕ್ತವಾದರೂ ಬಿಡದೆ ಬೇಲಿ ಕಿತ್ತ.

"ಅವನು ರೋಲೆಂಡ್," ಎಂದು ಕರಡಿ ದಾರಿ ಬಿಟ್ಟಿತು.

ಮೂರನೆಯ ದಿನ ಮುತ್ತಜ್ಜನ ಗುರುತು ಹುಡುಕುತ್ತ ಬೆಟ್ಟ ಹತ್ತಿದ. ತುದಿಯಲ್ಲಿ ಚಿನ್ನದ ಕೊಂಬಿನ ಜಿಂಕೆ ಸಿಕ್ಕಿತು. "ಇಬ್ಬರ ಹೆಸರು ಬಲ್ಲೆ. ಒಬ್ಬ ಕುದುರೆಯೇರಿದ ವೀರ ಗಾಡ್ಫ್ರೆ. ಇನ್ನೊಬ್ಬ ಕುರಿಗಾಹಿ ಹಂಫ್ರಿ. ಪ್ಲೇಗು ಬಂದಾಗ ಯಾರೂ ಹೊಗದ ಮನೆಗಳಿಗೆ ನೀರು ಹೊತ್ತವನು. ಬದುಕುಳಿದವರು ಕೃತಜ್ಞತೆಯಿಂದ ಅವನಿಗೆ ಹೊಲ ಕೊಟ್ಟರು. ಇವರಲ್ಲಿ ನಿನ್ನ ಮುತ್ತಜ್ಜ ಯಾರು?"

ವೀರನ ಹೆಸರು ಆಂಬ್ರೋಸನ ತುಟಿಯವರೆಗೆ ಬಂತು. ಆದರೆ ನೀರಿನಲ್ಲಿ ನಿಂತ ಅಪ್ಪ, ಹಣ್ಣು ಹಂಚಿದ ಅಜ್ಜ ಕಣ್ಮುಂದೆ ಸುಳಿದರು. ಆ ಗುಣ ಅವರಿಗೆ ಎಲ್ಲಿಂದ ಬಂತು? ಅವನ ಕಣ್ಣು ತುಂಬಿತು.

ಅವನು ಕೆಳಗಿಳಿದು ಊರ ಮುಂದೆ ನಿಂತ.

"ನನ್ನಪ್ಪ ನಿಕೊಲಸ್. ನನ್ನಜ್ಜ ರೋಲೆಂಡ್. ನನ್ನ ಮುತ್ತಜ್ಜ," ಎಂದು ಉಸಿರೆಳೆದುಕೊಂಡ, "ಕುರಿ ಕಾಯುತ್ತಿದ್ದ ಹಂಫ್ರಿ!"

ಮಾಲ್ಗ್ರಿಮ್ ಕಿರುಚಿದ, ಹೊಗೆಯಾದ, ಗಾಳಿಗೆ ಹಾರಿಹೋದ. ಗೋರಿಕಲ್ಲುಗಳ ಮೇಲೆ ಅಕ್ಷರಗಳು ಮತ್ತೆ ಮೂಡಿದವು. ಆಂಬ್ರೋಸ್ ಟೋಪಿ ತೆಗೆದು ಹಂಫ್ರಿಯ ಕಲ್ಲಿನೆದುರು ಮಂಡಿಯೂರಿದ.

"ಮುತ್ತಜ್ಜಾ, ನೀನು ಕೊಟ್ಟ ಅನ್ನ ಉಂಡು ನಿನ್ನನ್ನೇ ಮರೆತಿದ್ದೆ. ಕ್ಷಮಿಸು. ನಿನ್ನ ವಂಶದಲ್ಲಿ ಹುಟ್ಟಿದ್ದು ನನ್ನ ಪುಣ್ಯ."

ಹಿಂದೆ ನಿಂತಿದ್ದ ಮುದುಕಿಯೊಬ್ಬಳು, "ನನ್ನಜ್ಜಿ ಕುಡಿದದ್ದೂ ಅವನು ತಂದ ನೀರೇ ಸ್ವಾಮಿ," ಎಂದು ಅವನ ಪಕ್ಕದಲ್ಲೇ ಮಂಡಿಯೂರಿದಳು. ಒಬ್ಬೊಬ್ಬರಾಗಿ ಊರೆಲ್ಲ ಬಂದು ಕೂತಿತು.

ಆಂಬ್ರೋಸ್, ಸಿಸಿಲಿ ತುಂಬು ಬಾಳು ಬಾಳಿದರು. ಕಣಿವೆ ತಣ್ಣಗಿತ್ತು, ಜನ ನಗುನಗುತ್ತಿದ್ದರು. ಕತೆ ಕೇಳಿದ ನಿಮ್ಮ ಮನೆಯೂ ಹಾಗೇ ಇರಲಿ.