ಬಿಳಿ ಹೊಗೆ

"ಮುಚ್ಚಳ ತೆಗೀಬೇಡ. ಸೌದೆ ಹಾಕಬೇಡ. ಮುಕ್ಕಾಲು ಗಂಟೇಲಿ ಬಂದ್ಬಿಡ್ತೀನಿ."

ಎರಡು ವಾರದಲ್ಲಿ ರಾಯ್ಸ್ ಅಲ್ಬೀನಾಳೊಡನೆ ಆಡಿದ ಮೊದಲ ಮಾತು ಅದು. ಅದನ್ನೂ ಅವಳ ಮುಖ ನೋಡದೆ ಆಡಿ, ಸಂಜೆಯ ಊಟಕ್ಕೆ ಮೇಜುಗಳನ್ನು ತರಲು ಟ್ರಕ್ ಹತ್ತಿ ಹೊರಟುಹೋದ. ಊರಿನ ಅಗ್ನಿಶಾಮಕ ಶೆಡ್ಡಿನ ಹಿಂದೆ, ಎಣ್ಣೆಬಾವಿಯ ಹಳೆಯ ಕೊಳವೆಯಿಂದ ಅವನೇ ವೆಲ್ಡ್ ಮಾಡಿ ಕಟ್ಟಿದ, ಮಾಂಸ ಬೇಯಿಸುವ ಹೊಗೆಯೊಲೆಯ ಮುಂದೆ ಅಲ್ಬೀನಾ ಒಬ್ಬಳೇ ಉಳಿದಳು.

ಎರಡು ವಾರದ ಹಿಂದೆ ಅವಳ ಮನೆಯ ಮೆಟ್ಟಿಲ ಮೇಲೆ ನಿಂತು ಅವನು ಎರಡನೆಯ ಸಲ ಕೇಳಿದ್ದ. "ಮದುವೆ ಆಗೋಣ, ಅಲ್ಬೀನಾ. ಮೂರನೇ ಸಲ ಕೇಳಲ್ಲ. ನನಗೂ ಮಾನ ಅಂತ ಒಂದಿದೆ."

ಹತ್ತೊಂಬತ್ತರ ವಯಸ್ಸಿನಲ್ಲಿ ಯಾರಿಗೋ ಹಿಂದೆಮುಂದೆ ನೋಡದೆ ಹೂಂ ಅಂದು, ಎಂಟೇ ತಿಂಗಳಲ್ಲಿ ತಂದೆಯ ಮನೆಗೆ ಮರಳಿದವಳು ಅವಳು. ಅಂದಿನಿಂದ ಎಲ್ಲವನ್ನೂ ಅಳೆದು ತೂಗುವುದೇ ರೂಢಿಯಾಗಿತ್ತು. ಅಳೆಯುತ್ತ ಕೂತರೆ ಈ ಮನುಷ್ಯ ಕೈತಪ್ಪುತ್ತಾನೆ ಎಂದು ಗೊತ್ತಿದ್ದೂ ಅಂದು ಹೂಂ ಎನ್ನಲು ಅವಳ ನಾಲಿಗೆ ಏಳಲಿಲ್ಲ.

ಒಲೆಯೊಳಗೆ ನಲವತ್ತು ಪೌಂಡ್ ದನದ ಭುಜದ ಮಾಂಸ. ಅಗ್ಗದ್ದು, ನಾರು ಹೆಚ್ಚು. ಸಂಜೆ ಆರಕ್ಕೆ ಊರಿಗೆ ಊರೇ ಚಿಲಿ, ಅಂದರೆ ಮೆಣಸಿನಕಾಯಿ ಹಾಕಿ ಕುದಿಸಿದ ಮಾಂಸದ ಸಾರು, ಉಣ್ಣಲು ಬರುತ್ತದೆ. ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ಒಂಬತ್ತೂವರೆಗೆ ನೂರರವತ್ತು ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು. ಈಗ ಹನ್ನೊಂದಾದರೂ ಅಲ್ಲೇ ಇತ್ತು. ಮಾಂಸ ಮೆತ್ತಗಾಗಲು ಇನ್ನೂರು ಮುಟ್ಟಬೇಕು.

ಅವಳು ಹತ್ತು ನಿಮಿಷ ತಡೆದಳು. ಮುಚ್ಚಳ ಎತ್ತಿ ನೋಡಿದಳು. ಮತ್ತೆ ಐದು ನಿಮಿಷ, ಮತ್ತೆ ಎತ್ತಿದಳು. ಮುಳ್ಳು ಏರುವ ಬದಲು ಕೆಳಗಿಳಿಯಿತು. ಬೇಲಿಯ ಬಳಿಯ ರಾಶಿಯಿಂದ ನಾಲ್ಕು ಓಕ್ ಕೊರಡುಗಳನ್ನು ತಂದು ಬೆಂಕಿಗೆ ತುರುಕಿದಳು.

ಅದು ಹಸಿ ಸೌದೆ. ಚಿಮಣಿಯಿಂದ ಹಾಲಿನಂಥ ದಟ್ಟ ಹೊಗೆ ಎದ್ದಿತು.

"ಏನೇ ಮಗಳೇ, ಇಷ್ಟು ಬಿಳಿ ಹೊಗೆ, ರೋಮಲ್ಲಿ ಹೊಸ ಪೋಪ್‌ನ ಆರಿಸಿದ್ರಾ?" ಮೆಣಸಿನಕಾಯಿ ರುಬ್ಬುತ್ತಿದ್ದ ಮಿಸ್ ಅರ್ಡೆಲ್ ಶೆಡ್ಡಿನ ಅಡುಗೆಕೋಣೆಯಿಂದ ಹೊರಬಂದಳು. ಚಿಲಿಯ ಪಾತ್ರೆಯ ಹೊಣೆ ಮೂವತ್ತು ವರ್ಷದಿಂದ ಆ ಮುದುಕಿಯದೇ. ಒಲೆಯೊಳಗಿನ ಹಸಿ ಕೊರಡು ನೋಡಿ ಅವಳ ನಗು ನಿಂತಿತು. "ಅಯ್ಯೋ, ಏನು ಮಾಡಿಟ್ಟೆ!"

ಇಬ್ಬರೂ ಸೇರಿ ಕೊರಡುಗಳನ್ನು ಹೊರಗೆಳೆಯುವಷ್ಟರಲ್ಲಿ ಟ್ರಕ್ ಬಂದು ನಿಂತಿತು.

ರಾಯ್ಸ್ ಇಳಿದು ಬಂದು, ಮುಚ್ಚಳ ಎತ್ತಿ, ಮಾಂಸದ ಕಪ್ಪು ಹೊರಪದರದ ಒಂದು ಚೂರು ಚಿವುಟಿ ಬಾಯಿಗಿಟ್ಟು, ಉಗಿದ.

"ಕಹಿ."

"ಗಾಳಿ ತಿರುಗಿತೇನೋ ಕಣಪ್ಪಾ," ಎಂದಳು ಮಿಸ್ ಅರ್ಡೆಲ್, ಅಲ್ಬೀನಾಳ ಮುಖ ನೋಡಿ.

"ಗಾಳಿಯಲ್ಲ," ಎಂದಳು ಅಲ್ಬೀನಾ. "ನಾನೇ. ಮುಚ್ಚಳ ತೆಗೆದೆ. ಸೌದೆ ಹಾಕಿದೆ. ನೀನು ಬೇಡ ಅಂದಿದ್ದೆಲ್ಲ ಮಾಡಿದೆ, ರಾಯ್ಸ್."

ಆಗ ಅವನು ಅವಳನ್ನು ನೋಡಿದ. ಹುಬ್ಬಿನ ಮೇಲೆ ಮಸಿ, ಹೊಗೆಗೆ ಕೆಂಪಾದ ಕಣ್ಣು. ಎರಡು ವಾರ ತಪ್ಪಿಸಿದ್ದ ಆ ನೋಟ ಬೇಗ ಸರಿಯಲಿಲ್ಲ.

"ಚಾಕು ತಗೋ," ಎಂದ. "ಕಹಿ ಮೇಲಷ್ಟೇ. ಹೆರೆದು ಬಿಸಾಕೋಣ."

"ಆದ್ರೆ ಒಳಗಿನ್ನೂ ಗಟ್ಟಿ. ನೂರರವತ್ತು ದಾಟೇ ಇಲ್ಲ."

"ಚಿಲಿಗೆ ಇಷ್ಟು ಸಾಕು. ಉಳಿದದ್ದು ಪಾತ್ರೇಲಿ ಮೆತ್ತಗಾಗುತ್ತೆ. ಎಲ್ಲಾ ಇಲ್ಲೇ ಮುಗೀಬೇಕು ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ಲಿಲ್ಲ. ನಾನೇ ಅಂದ್ಕೊಂಡೆ."

ಇಬ್ಬರೂ ಒಂದೇ ಹಲಗೆಯ ಮುಂದೆ ನಿಂತು ಹೆರೆಯತೊಡಗಿದರು. ಮೊಣಕೈ ತಾಗಿತು, ಇಬ್ಬರೂ ಸರಿಯಲಿಲ್ಲ. ಹಲಗೆಯ ಮೇಲೆ, ಹೊಗೆ ಹಿಡಿದ ಮಾಂಸದ ಗುಲಾಬಿ ಅಂಚು ಮಿನುಗಿತು. ಅವನು ಚೂರೊಂದನ್ನು ಅವಳತ್ತ ಚಾಚಿದ. ತಿಂದಳು. ಗಟ್ಟಿಯಿತ್ತು, ಆದರೆ ರುಚಿಯಿತ್ತು.

"ನೀನು ಮೂರನೇ ಸಲ ಕೇಳಲ್ಲ ಅಂದಿದ್ದೆ," ಎಂದಳು, ಚಾಕುವಿನಿಂದ ಕಣ್ಣೆತ್ತದೆ.

"ಕೇಳಲ್ಲ."

"ಬೇಡ." ಅವಳು ಚಾಕು ಕೆಳಗಿಟ್ಟಳು. "ಈ ಸಲ ನಾನು ಕೇಳ್ತೀನಿ. ನನ್ನ ಮದುವೆ ಆಗ್ತೀಯಾ, ರಾಯ್ಸ್?"

ಅಡುಗೆಕೋಣೆಯ ಬಾಗಿಲಲ್ಲಿ ಮಿಸ್ ಅರ್ಡೆಲ್ ಸೌಟು ಹಿಡಿದು ನಿಂತುಬಿಟ್ಟಳು. ರಾಯ್ಸ್ ಒಂದು ತುಂಡು ಪೂರ್ತಿ ಹೆರೆದು ಮುಗಿಸಿದ. ಇನ್ನೊಂದನ್ನು ಎತ್ತಿಕೊಂಡ. ಅವಳ ಉತ್ತರಕ್ಕೆ ಕಾಯುತ್ತ ಎರಡು ವಾರ ಅವನು ಹೇಗೆ ಕಳೆದಿದ್ದಾನೆಂಬುದು ಅಲ್ಬೀನಾಳಿಗೆ ಅಷ್ಟರಲ್ಲೇ ತಿಳಿಯಿತು.

"ಯೋಚನೆ ಮಾಡಿ ಹೇಳ್ಲಾ?" ಎಂದ.

"ಹೇಳು. ಎಷ್ಟು ದಿನ ಬೇಕೋ ತಗೋ. ನಾನು ಎಲ್ಲಿಗೂ ಹೋಗಲ್ಲ."

ಅವನ ತುಟಿಯ ಮೂಲೆ ಅದುರಿತು. "ದಿನ ಯಾಕೆ," ಎಂದವನು ಜಿಡ್ಡಾದ ಬೆರಳುಗಳಿಂದಲೇ ಅವಳ ಹುಬ್ಬಿನ ಮಸಿ ಒರೆಸಲು ಹೋಗಿ, ಅದನ್ನು ಕೆನ್ನೆಯವರೆಗೂ ಹರಡಿಬಿಟ್ಟ. "ಆಯ್ತು ಕಣೇ. ಆಗ್ತೀನಿ."